ಮುಂಬಯಿಯ ನೆಲ ಮತ್ತು ಕುಂಭಕಲೆ: ಒಂದು ವಿವೇಚನೆ

1. ಪ್ರವೇಶ

ಮಣ್ಣನ್ನು ಮಾಧ್ಯಮವಾಗಿ ಆರಿಸಿಕೊಂಡ ಕಲಾವಿದರಲ್ಲಿ ಕಳೆದ ಕೆಲವು ದಶಕಗಳಿಂದ ಒಂದು ಪ್ರವೃತ್ತಿ ಪ್ರಬಲವಾಗಿ ಕಂಡುಬರುತ್ತಿದೆ. ಕಾರ್ಖಾನೆಯಲ್ಲಿ ಸಿದ್ಧಗೊಂಡ ಮಣ್ಣನ್ನೂ ಬಣ್ಣವನ್ನೂ ಅಂಗಡಿಯಿಂದ ಕೊಳ್ಳುವ ಬದಲು, ತಾವು ಬಾಳುವ ನೆಲದ ಮಣ್ಣು, ಕಲ್ಲು, ಮರಳು, ಬೂದಿಗಳನ್ನು ಆಯ್ದು ತಂದು, ಆ ನೆಲದ ರೂಪವನ್ನು ಅದರದೇ ದ್ರವ್ಯದಿಂದ ಮೂಡಿಸುವ ಪ್ರವೃತ್ತಿಯಿದು. ಹೀಗೆ ಕೆಲಸಮಾಡುವವರು ಹಲವು ವೇಳೆ ಒಬ್ಬೊಬ್ಬರಾಗಿರದೆ, ಇಬ್ಬರು ಮೂವರು ಕೂಡಿಯೇ ಒಂದು ಕೃತಿಯನ್ನು ರಚಿಸುವುದುಂಟು. ಮುಂಬಯಿಯಂತಹ ಮಹಾನಗರದಲ್ಲಿ ಈ ಪ್ರವೃತ್ತಿಗೆ ಏನು ಅರ್ಥ, ಅಲ್ಲಿನ ನೆಲ ಕುಂಬಾರನಿಗೆ ಏನನ್ನು ಕೊಡುತ್ತದೆ, ಏನನ್ನು ಕೊಡುವುದಿಲ್ಲ, ಕಲಾವಿದ ಮತ್ತು ವೃತ್ತಿಕುಂಬಾರರ ಸಹಯೋಗ ಅಲ್ಲಿ ಯಾವ ರೀತಿ ನಡೆದುಬಂದಿದೆ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಮಾತು. 'ಸೆರಾಮಿಕ್ಸ್' ಎಂಬುದಕ್ಕೆ ಕನ್ನಡದಲ್ಲಿ ಎಲ್ಲರೂ ಒಪ್ಪಿದ ಒಂದೇ ಪದವಿಲ್ಲ. 'ಪಿಂಗಾಣಿ' ಎಂದರೆ ಬಿಳಿಯ, ನುಣುಪಾದ ಒಂದು ಬಗೆಯ ಪಾತ್ರೆ ಮಾತ್ರ ನಮ್ಮ ಮನಸ್ಸಿಗೆ ಬರುತ್ತದೆ. 'ಕುಂಬಾರಿಕೆ' ಎಂಬುದು ಕುಲವೃತ್ತಿಯನ್ನು ಸೂಚಿಸುತ್ತದೆ. ಎರಡನ್ನೂ ಒಳಗೊಳ್ಳುವಂತೆ ಇಲ್ಲಿ 'ಕುಂಭಕಲೆ' ಎಂಬ ಪದವನ್ನು ಬಳಸಿದ್ದೇವೆ. ಇನ್ನು 'ಆಯು' ಎಂಬ ಧಾತುವಿಗೆ ಕನ್ನಡದಲ್ಲಿ ಹೆಕ್ಕುವುದು, ಆರಿಸುವುದು ಎಂಬ ಎರಡು ಅರ್ಥಗಳೂ ಇವೆ. ಬಿದ್ದಿರುವುದನ್ನು ಹೆಕ್ಕುವುದೂ ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಆರಿಸುವುದೂ ಒಂದೇ ಕ್ರಿಯೆಯ ಎರಡು ಮುಖಗಳೆಂಬ ತಿಳಿವಳಿಕೆ ಈ ಪದದಲ್ಲಿದೆ. ನಾವು ವಿವೇಚಿಸಲಿರುವ ಕಲೆಗೆ ಇದು ಚೆನ್ನಾಗಿ ಒಪ್ಪುತ್ತದೆ.

2. ಮುಂಬಯಿಯ ನೆಲದ ಸ್ವರೂಪ

ಕುಂಬಾರನ ದೃಷ್ಟಿಯಿಂದ ನೋಡಿದರೆ ಮುಂಬಯಿ ಬಡವಾದ ನೆಲ. ಭೂವಿಜ್ಞಾನಿಯ ದೃಷ್ಟಿಯಿಂದ ನೋಡಿದರೆ ಅದು ಬಹು ಸಂಪನ್ನವಾದ ನೆಲ. ಈ ವೈರುಧ್ಯವನ್ನು ಮೊದಲು ಅರಿತುಕೊಳ್ಳಬೇಕು.

ದಖ್ಖನಿನ ಪ್ರಸ್ಥಭೂಮಿಯನ್ನು ರೂಪಿಸಿದ ಲಾವಾ ಪ್ರವಾಹಗಳ ಪಶ್ಚಿಮದ ಅಂಚಿನಲ್ಲಿ ಮುಂಬಯಿ ಇದೆ. ಆರು ಕೋಟಿ ವರ್ಷಗಳಿಗೂ ಹಿಂದೆ ನಡೆದ ಜ್ವಾಲಾಮುಖಿ ಚಟುವಟಿಕೆಯ ಕುರುಹುಗಳು ನಗರದ ನಡುವೆಯೇ ಉಳಿದಿವೆ. ಅಂಧೇರಿಯ ಗಿಲ್ಬರ್ಟ್ ಹಿಲ್ ಸುಮಾರು 200 ಅಡಿ ಎತ್ತರದ ಕಪ್ಪು ಬಸಾಲ್ಟ್ ಶಿಲೆಯ ಸ್ತಂಭಸಮೂಹ. ಅದರ ಸುತ್ತ ಇಂದು ವಸತಿ ಕಟ್ಟಡಗಳು ಒತ್ತೊತ್ತಾಗಿ ನಿಂತಿವೆ. ವರಳಿಯ ಗುಡ್ಡದಲ್ಲಿ ಎರಡು ಲಾವಾ ಪದರಗಳ ನಡುವೆ ಸಿಕ್ಕಿದ ಕೆಸರು ಶಿಲೆಯಾಗಿ ಮಾರ್ಪಟ್ಟಿದ್ದು, ಅದರಲ್ಲಿ ದೊರೆತ ಕಪ್ಪೆಯ ಪಳೆಯುಳಿಕೆಯನ್ನು ರಿಚರ್ಡ್ ಓವೆನ್ 1847ರಲ್ಲಿ ವರ್ಣಿಸಿದನು. ಕಾನ್ಹೇರಿಯ ಗುಹೆಗಳನ್ನು ಕೊರೆದಿರುವುದು ಜ್ವಾಲಾಮುಖಿಯ ಚೂರುಗಳು ಬೆಸೆದುಕೊಂಡು ಆದ ಬ್ರೆಶಿಯಾ ಶಿಲೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಕಟ್ಟಡಗಳಲ್ಲಿ ಕಾಣುವ ನಸುಹಳದಿ ಬಣ್ಣದ ಕಲ್ಲನ್ನು ಮಲಾಡ್, ಕುರ್ಲಾಗಳ ಗಣಿಗಳಿಂದ ತೆಗೆದದ್ದು. ರಾಜಾಬಾಯಿ ಗೋಪುರ ಇದಕ್ಕೆ ಒಳ್ಳೆಯ ನಿದರ್ಶನ.

ಇಷ್ಟು ಬಗೆಯ ಕಲ್ಲಿದ್ದರೂ ಕುಂಬಾರನ ತಿಗರಿಗೆ ಬೇಕಾದ ಒಳ್ಳೆಯ ಜೇಡಿ ಇಲ್ಲಿ ವಿರಳ. ಬಸಾಲ್ಟ್ ಶಿಥಿಲಗೊಂಡಾಗ ಉಂಟಾಗುವುದು ಹೆಚ್ಚಾಗಿ ಕಪ್ಪು ಎರೆಮಣ್ಣು. ಉತ್ತರ ಕರ್ನಾಟಕದ ಓದುಗರಿಗೆ ಇದರ ಗುಣ ಗೊತ್ತೇ ಇದೆ: ನೀರುಂಡಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹೊಲಕ್ಕೆ ವರವಾದ ಈ ಗುಣವೇ ಮಡಕೆಗೆ ಶಾಪ. ಆ ಮಣ್ಣೊಂದರಿಂದಲೇ ಮಾಡಿದ ಪಾತ್ರೆ ಒಣಗುವ ಮೊದಲೇ ಸೀಳುತ್ತದೆ. ಮಿಗಿಲಾಗಿ ಮುಂಬಯಿ ಪಟ್ಟಣದ ನೆಲದ ಬಹುಭಾಗ ಸಹಜವಾದ ನೆಲವೇ ಅಲ್ಲ. ಕೊಲಾಬಾ, ಮಝಗಾಂವ್, ಪರೇಲ್, ವರಳಿ, ಮಾಹಿಮ್ ಮೊದಲಾದ ಏಳು ದ್ವೀಪಗಳ ನಡುವಿನ ತಗ್ಗುಗಳನ್ನು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ತುಂಬಿ ಒಂದುಗೂಡಿಸಿದ್ದರಿಂದ ಆದ ನೆಲ ಅದು. ಉಪನಗರಗಳಿರುವ ಸಾಲ್ಸೆಟ್ ದ್ವೀಪದಲ್ಲಿ ಗುಡ್ಡ, ಖಾಡಿ, ಉಪ್ಪಿನಗದ್ದೆ, ಕಾಂಡ್ಲಾ ಕಾಡುಗಳಿವೆ. ಖಾಡಿಯ ಕೆಸರು ನುಣುಪಾಗಿ, ಕೈಗೆ ಜೇಡಿಯಂತೆಯೇ ತೋರುತ್ತದೆ. ಆದರೆ ಅದರಲ್ಲಿ ಉಪ್ಪೂ ಚಿಪ್ಪಿನ ಚೂರುಗಳೂ ತುಂಬಿರುತ್ತವೆ.

ಆದ್ದರಿಂದ ಮುಂಬಯಿಯಲ್ಲಿ 'ಸ್ಥಳೀಯ ಮಣ್ಣಿನ ಪಾತ್ರೆ' ಎಂಬುದು ಸರಳವಾದ ಕಲ್ಪನೆಯಲ್ಲ. ಇಲ್ಲಿನ ಪಾತ್ರೆಯ ಮೈ ಸಾಮಾನ್ಯವಾಗಿ ಹೊರಗಿನಿಂದ ಬಂದ ಮಣ್ಣಿನದು. ಗಣೇಶ ಚತುರ್ಥಿಗಾಗಿ ಮೂರ್ತಿಕಾರರು ಬಳಸುವ ಶಾಡೂ ಮಣ್ಣು ಕೂಡ ಗುಜರಾತಿನಿಂದ ಬರುತ್ತದೆ. ಮುಂಬಯಿಯ ನೆಲ ಆ ಮೈಗೆ ಕೊಡಬಲ್ಲದ್ದು ಮೆರುಗು, ಬಣ್ಣ, ಒರಟುತನ ಮತ್ತು ರೂಪ.

3. ಆಯ್ದ ದ್ರವ್ಯ ಪಾತ್ರೆಯಾಗುವ ಬಗೆ

ನೆಲದಿಂದ ಹೆಕ್ಕಿದ ದ್ರವ್ಯವನ್ನು ಹಾಗೆಯೇ ಬಳಸಲಾಗುವುದಿಲ್ಲ. ಅದನ್ನು ಪರೀಕ್ಷಿಸುವ ಕ್ರಮ ಸರಳವಾದರೂ ತಾಳ್ಮೆಯನ್ನು ಬೇಡುತ್ತದೆ. ತಂದ ಮಣ್ಣನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕದಡಿ, ಜರಡಿ ಹಿಡಿದು, ತಿಳಿಯನ್ನು ಬಸಿದು, ಕೆಳಗೆ ಉಳಿದುದನ್ನು ಹದಕ್ಕೆ ತರಬೇಕು. ಅನಂತರ ಅದರಿಂದ ಒಂದು ಪಟ್ಟಿಯನ್ನು ಮಾಡಿ, ಹಸಿಯಾಗಿರುವಾಗಲೇ ಅದರ ಮೇಲೆ 10 ಸೆಂಟಿಮೀಟರ್ ಉದ್ದದ ಗೆರೆಯನ್ನು ಎಳೆಯಬೇಕು. ಸುಟ್ಟ ಮೇಲೆ ಆ ಗೆರೆ 9 ಸೆಂಟಿಮೀಟರಿಗೆ ಇಳಿದಿದ್ದರೆ ಮಣ್ಣು ನೂರಕ್ಕೆ ಹತ್ತರಷ್ಟು ಕುಗ್ಗಿದೆ ಎಂದರ್ಥ. ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುವ ಎರಡು ಮಣ್ಣುಗಳನ್ನು ಒಂದರ ಮೇಲೊಂದು ಹಚ್ಚಿದರೆ ಅವು ಬೇರ್ಪಟ್ಟು ಸಿಡಿಯುತ್ತವೆ. ಇಬ್ಬರು ಕಲಾವಿದರು ತಂತಮ್ಮ ಮಣ್ಣುಗಳನ್ನು ಕೂಡಿಸಿ ಒಂದು ಕೃತಿಯನ್ನು ರಚಿಸುವಾಗ ಮೊದಲು ಹೊಂದಿಕೆಯಾಗಬೇಕಾದುದು ಈ ಕುಗ್ಗುವಿಕೆಯೇ.

ಬೆಂಕಿಯಲ್ಲಿ ಮಣ್ಣು ಪಡೆಯುವ ಪರಿವರ್ತನೆ ಹಂತಹಂತವಾಗಿ ನಡೆಯುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಳಿದ ತೇವ ಆವಿಯಾಗುತ್ತದೆ. 450ರಿಂದ 600 ಡಿಗ್ರಿಗಳ ನಡುವೆ ಮಣ್ಣಿನ ಕಣಗಳೊಳಗೆ ರಾಸಾಯನಿಕವಾಗಿ ಬೆಸೆದುಕೊಂಡಿದ್ದ ನೀರೂ ಹೊರಡುತ್ತದೆ. ಅಲ್ಲಿಂದ ಮುಂದೆ ಮಣ್ಣು ಮತ್ತೆ ಕೆಸರಾಗಲಾರದು. ನಮ್ಮ ಊರುಗಳ ಕೆಂಪು ಮಡಕೆ ಬೇಯುವುದು ಹೆಚ್ಚಾಗಿ 1000 ಡಿಗ್ರಿಗಿಂತ ಕೆಳಗೆ. ಅದು ಸೂಕ್ಷ್ಮ ರಂಧ್ರಗಳುಳ್ಳದ್ದಾದ್ದರಿಂದ ನೀರನ್ನು ತಂಪಾಗಿಡುತ್ತದೆ. 1200 ಡಿಗ್ರಿಗೆ ಮೇಲ್ಪಟ್ಟು ಸುಟ್ಟ, ನೀರು ಹೀರದ ಗಟ್ಟಿ ಪಾತ್ರೆಯನ್ನು ಸ್ಟೋನ್‌ವೇರ್ ಎನ್ನುತ್ತಾರೆ. ಇಂದಿನ ಕುಂಭಕಲಾವಿದರಲ್ಲಿ ಹಲವರ ಕೆಲಸ ಈ ಬಗೆಯದು.

ಮುಂಬಯಿಯ ಕಲ್ಲು ಉಪಯೋಗಕ್ಕೆ ಬರುವುದು ಈ ಉಷ್ಣತೆಯಲ್ಲಿಯೇ. ಮೆರುಗು ಎಂದರೆ ಪಾತ್ರೆಯ ಮೈಮೇಲೆ ಕರಗಿ ಅಂಟಿದ ತೆಳುವಾದ ಗಾಜು. ಅದಕ್ಕೆ ಮೂರು ಅಂಶಗಳು ಬೇಕು: ಗಾಜಾಗುವ ಸಿಲಿಕಾ, ಅದು ಹರಿದು ಹೋಗದಂತೆ ಹಿಡಿದಿಡುವ ಅಲ್ಯುಮಿನಾ, ಮತ್ತು ಬೇಗ ಕರಗುವಂತೆ ಮಾಡುವ ಸುಣ್ಣ, ಸೋಡಾ, ಪೊಟ್ಯಾಷ್‌ಗಳಂತಹ ದ್ರವ್ಯ. ದಖ್ಖನಿನ ಬಸಾಲ್ಟ್‌ನಲ್ಲಿ ಸಿಲಿಕಾ ಸರಿಸುಮಾರು ಅರ್ಧದಷ್ಟಿದ್ದು, ಉಳಿದ ಭಾಗದಲ್ಲಿ ಅಲ್ಯುಮಿನಾ, ಸುಣ್ಣ, ಮೆಗ್ನೀಷಿಯ ಹಾಗೂ ಹೇರಳವಾದ ಕಬ್ಬಿಣದ ಆಕ್ಸೈಡ್ ಇರುತ್ತವೆ. ಅಂದರೆ ಮೆರುಗಿಗೆ ಬೇಕಾದ ಅಂಶಗಳೆಲ್ಲ ಒಂದೇ ಕಲ್ಲಿನಲ್ಲಿ ಅಡಕವಾಗಿವೆ. ಕಲ್ಲುಗಣಿಯ ಬಸಾಲ್ಟ್ ಪುಡಿಯನ್ನು ನುಣ್ಣಗೆ ಅರೆದು, ಸ್ವಲ್ಪ ಬೂದಿ ಬೆರೆಸಿ, ಪಾತ್ರೆಗೆ ಹಚ್ಚಿ 1250 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟರೆ ಕಂದು ಅಥವಾ ಕಪ್ಪು ಛಾಯೆಯ ಮೆರುಗು ದೊರೆಯುತ್ತದೆ. ಒಮ್ಮೆ ಲಾವಾರಸವಾಗಿ ಹರಿದ ಶಿಲೆ ಹೀಗೆ ಕುಂಬಾರನ ಆವಿಗೆಯಲ್ಲಿ ಮತ್ತೊಮ್ಮೆ ಕರಗುತ್ತದೆ.

ಬೂದಿಯ ವಿಷಯವೂ ಹೀಗೆಯೇ. ಕಟ್ಟಿಗೆಯ ಬೂದಿಯಲ್ಲಿ ಸುಣ್ಣಾಂಶ ಹೆಚ್ಚಾದ್ದರಿಂದ ಅದು ಕರಗಿಸುವ ಕೆಲಸ ಮಾಡುತ್ತದೆ. ಭತ್ತದ ಹೊಟ್ಟಿನ ಬೂದಿಯಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಸಿಲಿಕಾ ಇರುವುದರಿಂದ ಅದು ಮೆರುಗಿಗೆ ಹಾಲಿನಂತಹ ಬಿಳುಪನ್ನು ಕೊಡುತ್ತದೆ. ಭಾರತದಲ್ಲಿ ದೊರೆಯುವ ದ್ರವ್ಯಗಳಿಂದಲೇ ಮೆರುಗುಗಳನ್ನು ಸಿದ್ಧಪಡಿಸುವ ಬಗೆಯನ್ನು ಕುರಿತು ನಿರ್ಮಲಾ ಪಟವರ್ಧನ್ ಅವರು 1984ರಲ್ಲಿ ಪ್ರಕಟಿಸಿದ ಕೈಪಿಡಿ ಈ ನಿಟ್ಟಿನಲ್ಲಿ ಮಹತ್ತ್ವದ್ದು.

ಖಾಡಿಯ ಕೆಸರಿನ ತೊಡಕುಗಳನ್ನೂ ಇಲ್ಲಿ ಹೇಳಬೇಕು. ಕೆಸರಿನಲ್ಲಿ ಕರಗಿದ ಉಪ್ಪು, ಪಾತ್ರೆ ಒಣಗುವಾಗ ಮೇಲ್ಮೈಗೆ ಬಂದು ಬಿಳಿ ಪೊರೆಯಾಗಿ ಕೂಡುತ್ತದೆ. ಚಿಪ್ಪಿನ ಚೂರು ಬೆಂಕಿಯಲ್ಲಿ ಸುಟ್ಟಸುಣ್ಣವಾಗುತ್ತದೆ. ಆವಿಗೆಯಿಂದ ತೆಗೆದಾಗ ಪಾತ್ರೆ ಚೆನ್ನಾಗಿಯೇ ಇರುತ್ತದೆ. ಕೆಲವು ದಿನಗಳಲ್ಲಿ ಆ ಸುಣ್ಣ ಗಾಳಿಯ ತೇವವನ್ನು ಹೀರಿ ಉಬ್ಬಿ, ಪಾತ್ರೆಯ ಮೈಯಿಂದ ಚಕ್ಕೆ ಎಬ್ಬಿಸುತ್ತದೆ. ಮುಂಬಯಿಯ ಮಳೆಗಾಲದ ಗಾಳಿಯಲ್ಲಿ ಇದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಮೇಲಾಗಿ ಮೀಠಿ ನದಿ ಮತ್ತು ಮಾಹಿಮ್ ಖಾಡಿಯ ಕೆಸರಿನಲ್ಲಿ ಕೈಗಾರಿಕೆಯ ಹೊಲಸು ಸೇರಿರುವುದರಿಂದ, ಅಂತಹ ಮಣ್ಣನ್ನು ಶಿಲ್ಪಕ್ಕೆ ಬಳಸಿದರೂ ಉಣ್ಣುವ ಪಾತ್ರೆಗೆ ಬಳಸುವುದು ಸಲ್ಲದು.

4. ಕಲಾಶಾಲೆಯ ಪ್ರಯೋಗ

ಮುಂಬಯಿಯಲ್ಲಿ ಕಲಾವಿದ ಮತ್ತು ವೃತ್ತಿಕುಂಬಾರರು ಒಂದೆಡೆ ಕೂಡಿದ ಸಂಗತಿ ಇಂದಿನದಲ್ಲ. 1857ರಲ್ಲಿ ಆರಂಭವಾದ ಸರ್ ಜೆ. ಜೆ. ಕಲಾಶಾಲೆಯನ್ನು ಕನ್ನಡಿಗರು ಕೆ. ಕೆ. ಹೆಬ್ಬಾರರ ವಿದ್ಯಾಲಯವೆಂದು ಬಲ್ಲರು. ಆ ಶಾಲೆಗೆ 1865ರಲ್ಲಿ ಶಿಲ್ಪವನ್ನು ಕಲಿಸಲು ಬಂದ ಲಾಕ್‌ವುಡ್ ಕಿಪ್ಲಿಂಗ್ ಇಂಗ್ಲೆಂಡಿನ ಕುಂಬಾರಿಕೆಯ ಪ್ರದೇಶವಾದ ಸ್ಟಾಫರ್ಡ್‌ಶೈರ್‌ನಲ್ಲಿ ಕೆಲಸ ಕಲಿತವನು. ಶಾಲೆಯ ಮತ್ತೊಬ್ಬ ಅಧ್ಯಾಪಕ ಜಾರ್ಜ್ ವಿಲ್ಕಿನ್ಸ್ ಟೆರಿ 1870ರ ದಶಕದಲ್ಲಿ ಅಲ್ಲಿ ಕುಂಭಕಲೆಯ ಕಾರ್ಯಾಗಾರವನ್ನು ಬೆಳೆಸಿದನು. ಮೆರುಗಿನ ಪಾತ್ರೆಗಳಿಗೆ ಹೆಸರಾದ ಸಿಂಧ್ ಪ್ರಾಂತದ ಕುಂಬಾರರ ಪರಂಪರೆಯೇ ಅದಕ್ಕೆ ಆಧಾರವಾಯಿತು. ಇದೇ ಕಾಲದಲ್ಲಿ ಜಾನ್ ಗ್ರಿಫಿತ್ಸ್ ಮತ್ತು ಅವನ ವಿದ್ಯಾರ್ಥಿಗಳು ಅಜಂತೆಯ ಭಿತ್ತಿಚಿತ್ರಗಳನ್ನು ಪ್ರತಿಮಾಡುತ್ತಿದ್ದರು. ಆ ಚಿತ್ರಗಳ ಹೂಬಳ್ಳಿಗಳೂ ಆಕೃತಿಗಳೂ ಈ ಪಾತ್ರೆಗಳ ಮೈಮೇಲೆ ಬಂದವು.

ಇದನ್ನು ಸಹಯೋಗವೆಂದು ಕರೆಯಬಹುದು. ಆದರೆ ಅದರ ಸ್ವರೂಪವನ್ನು ಗಮನಿಸಬೇಕು. ಸಿಂಧಿನ ಮೆರುಗು, ಅಜಂತೆಯ ಚಿತ್ರ, ಆಂಗ್ಲ ಅಧ್ಯಾಪಕನ ಅಭಿರುಚಿ ಇವು ಮೂರೂ ಕೂಡಿ ಆದ ಪಾತ್ರೆಯಲ್ಲಿ ಮುಂಬಯಿಯ ನೆಲಕ್ಕೆ ಹೆಚ್ಚಿನ ಸ್ಥಾನವಿರಲಿಲ್ಲ. ಇಂತಹ ಪಾತ್ರೆಗಳು ಇಂದು ಮುಂಬಯಿಯ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದಲ್ಲೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಸಂಗ್ರಹಾಲಯದಲ್ಲೂ ಇವೆ. ಅವುಗಳ ವಿವರಗಳಲ್ಲಿ ಸಾಮಾನ್ಯವಾಗಿ ಕಾಣುವುದು ಶಾಲೆಯ ಹೆಸರು, ಕಾರ್ಯಾಗಾರದ ಹೆಸರು, ಇಲ್ಲವೇ ಅಧ್ಯಾಪಕನ ಹೆಸರು. ತಿಗರಿಯ ಮುಂದೆ ಕುಳಿತವನ ಹೆಸರು ಕಾಣುವುದು ವಿರಳ. ಮುಂದಿನ ವಿವೇಚನೆಗೆ ಈ ಅಂಶ ಮುಖ್ಯವಾದುದು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದೇ ಶಾಲೆಯ ಆವರಣದಲ್ಲಿ ರಾಜ್ಯಪಾಲ ಸರ್ ಜಾರ್ಜ್ ಕ್ಲಾರ್ಕ್‌ನ ಹೆಸರಿನಲ್ಲಿ ತಾಂತ್ರಿಕ ಪ್ರಯೋಗಾಲಯವೊಂದು ಸ್ಥಾಪಿತವಾಗಿ, ಕುಂಬಾರಿಕೆ ಅದರ ಅಧ್ಯಯನದ ವಿಷಯವಾಯಿತು. ಹೀಗೆ ಮಣ್ಣಿನ ತಿಳಿವಳಿಕೆ ಮನೆತನದಿಂದ ಪ್ರಯೋಗಾಲಯದತ್ತ ಸಾಗತೊಡಗಿತು.

5. ಧಾರಾವಿಯ ಕುಂಭಾರವಾಡಾ

ಕಲಾಶಾಲೆಯಲ್ಲಿ ಈ ಪ್ರಯೋಗಗಳು ನಡೆಯುತ್ತಿದ್ದಾಗ ನಗರಕ್ಕೆ ನೀರಿನ ಕೊಡವನ್ನೂ ದೀಪಾವಳಿಯ ಹಣತೆಯನ್ನೂ ಒದಗಿಸುತ್ತಿದ್ದವರು ಬೇರೆ. ಅವರಲ್ಲಿ ಪ್ರಮುಖರು ಗುಜರಾತಿನ ಸೌರಾಷ್ಟ್ರದಿಂದ ವಲಸೆ ಬಂದ ಕುಂಬಾರರು. ನಗರ ಬೆಳೆದಂತೆ ಹೊಗೆಯಾಡುವ ಆವಿಗೆಗಳನ್ನು ಅದು ಅಂಚಿಗೆ ದೂಡುತ್ತ ಬಂದಿತು. ದಕ್ಷಿಣ ಮುಂಬಯಿಯಲ್ಲಿ ಕುಂಭಾರವಾಡಾ ಎಂಬ ಸ್ಥಳನಾಮ ಇಂದಿಗೂ ಉಳಿದಿದೆ. ಕುಂಬಾರರ ಇಂದಿನ ನೆಲೆ ಮಾತ್ರ ಧಾರಾವಿಯ ಕುಂಭಾರವಾಡಾ. ಅವರು ಅಲ್ಲಿ ನೆಲೆನಿಂತದ್ದು 1930ರ ದಶಕದಲ್ಲಿ. ಆಗ ಧಾರಾವಿ ನಗರದ ಹೊರ ಅಂಚಿನ ಜೌಗು ಪ್ರದೇಶ. ಇಂದು ಅದು ನಗರದ ನಟ್ಟನಡುವಿನ, ಅತ್ಯಂತ ಬೆಲೆಬಾಳುವ ನೆಲಗಳಲ್ಲೊಂದು.

ಕುಂಭಾರವಾಡಾದ ಮನೆಗಳ ರಚನೆಯೇ ಕುಲವೃತ್ತಿಯನ್ನು ಹೇಳುತ್ತದೆ. ವಾಸ, ಕೆಲಸ, ಮಾರಾಟ ಮೂರೂ ಒಂದೇ ಮನೆಗೆ ಹೊಂದಿಕೊಂಡಿವೆ. ಮನೆಗಳ ಸಾಲುಗಳ ನಡುವಣ ಅಂಗಳದಲ್ಲಿ ಇಟ್ಟಿಗೆಯ ಆವಿಗೆಗಳಿವೆ. ಇವನ್ನು ಅಲ್ಲಿ 'ಭಟ್ಟಿ' ಎನ್ನುತ್ತಾರೆ. ಮಣ್ಣನ್ನು ಹದಗೊಳಿಸುವುದು, ಪಾತ್ರೆಗೆ ಬಣ್ಣ ಬಳಿಯುವುದು ಮೊದಲಾದ ಕೆಲಸಗಳಲ್ಲಿ ಹೆಂಗಸರ ಪಾಲು ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಪಾತ್ರೆ ಒಣಗದೆ ಕೆಲಸ ನಿಧಾನಗೊಳ್ಳುತ್ತದೆ. ಗೋಕುಳಾಷ್ಟಮಿಯ ಮೊಸರುಗಡಿಗೆ, ನವರಾತ್ರಿಯ ಗರಬಾ ಗಡಿಗೆ, ದೀಪಾವಳಿಯ ಹಣತೆಗಳ ಬೇಡಿಕೆ ಮಾತ್ರ ಅದೇ ಕಾಲಕ್ಕೆ ಒದಗಿ ಬರುತ್ತದೆ.

ಆಯ್ದ ದ್ರವ್ಯದ ದೃಷ್ಟಿಯಿಂದ ನೋಡಿದಾಗ ಕುಂಭಾರವಾಡಾದ ಆವಿಗೆ ವಿಶಿಷ್ಟವಾದುದು. ಇಲ್ಲಿ ನಗರದಿಂದ ಹೆಕ್ಕಿ ತಂದ ದ್ರವ್ಯವೆಂದರೆ ಉರುವಲು. ಬಟ್ಟೆಯ ಚಿಂದಿ, ಹತ್ತಿಯ ಕಸ, ಮರದ ಹೊಟ್ಟು ಇವು ಆವಿಗೆಯ ಆಹಾರ. ಗಿರಣಿ ಮತ್ತು ಹೊಲಿಗೆಯ ನಗರವಾದ ಮುಂಬಯಿ ತಾನು ಬಿಸುಟ ಚಿಂದಿಯಿಂದ ತನ್ನ ಮಡಕೆಯನ್ನು ಸುಟ್ಟುಕೊಂಡಿತು ಎನ್ನಬಹುದು. ಕಲಾವಿದನು ಗುಡ್ಡದ ಕಲ್ಲನ್ನು ಆಯುವುದನ್ನು ನಾವು ಕಲೆಯೆಂದು ಗುರುತಿಸುತ್ತೇವೆ. ಕುಂಬಾರನು ಚಿಂದಿಯನ್ನು ಆಯುವುದನ್ನು ಬಡತನವೆಂದು ಮಾತ್ರ ಕಾಣುತ್ತೇವೆ. ಎರಡೂ ತಾನಿರುವ ನೆಲವನ್ನು ಓದಿ ಅದರಿಂದ ಬೇಕಾದುದನ್ನು ಪಡೆಯುವ ಬುದ್ಧಿಯ ಫಲಗಳೇ. ಹಾಗೆಂದು ಚಿಂದಿಯ ಹೊಗೆಯಿಂದ ಉಸಿರಿಗಾಗುವ ತೊಂದರೆಯನ್ನು ಮರೆಯಬೇಕಿಲ್ಲ. ಆ ಹೊಗೆಯನ್ನು ಮೊದಲು ಉಣ್ಣುವವರು ಕುಂಬಾರರ ಮನೆಯವರೇ.

6. ಇತ್ತೀಚಿನ ಕಲಾವಿದರು

ಸ್ವಾತಂತ್ರ್ಯಾನಂತರ ಭಾರತದಲ್ಲಿ ಬೆಳೆದ ಕುಂಭಕಲೆಯ ಹಿಂದೆ ಜಪಾನಿನ ಪ್ರಭಾವ ಗಣನೀಯವಾದುದು. ಶೋಜಿ ಹಮಾದಾ 1924ರಲ್ಲಿ ಮಾಶಿಕೊ ಎಂಬ ಹಳ್ಳಿಯಲ್ಲಿ ನೆಲೆಸಿ, ಅಲ್ಲಿನ ಒರಟು ಮಣ್ಣನ್ನೂ ಅಲ್ಲಿನ ಕಲ್ಲಿನ ಪುಡಿಯಿಂದಾದ ಮೆರುಗನ್ನೂ ಬಳಸಿ, ಊರಿನ ಕುಂಬಾರರ ನಡುವೆಯೇ ಕೆಲಸಮಾಡಿದರು. ಅವರ ಸಂಗಡಿಗ ಬರ್ನಾರ್ಡ್ ಲೀಚ್ 1940ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ದೃಷ್ಟಿ ಜಗತ್ತಿಗೆ ತಿಳಿಯಿತು. ನೆಲಕ್ಕೆ ಹತ್ತಿರವಾಗಬೇಕಾದರೆ ಆ ನೆಲದ ಕುಂಬಾರರಿಗೂ ಹತ್ತಿರವಾಗಬೇಕೆಂಬುದು ಮಾಶಿಕೊದ ಪಾಠ. ಪಾಂಡಿಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ 1971ರಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿ ಈ ಪರಂಪರೆಯನ್ನು ನಮ್ಮ ದೇಶದಲ್ಲಿ ಬೇರೂರಿಸಿತು. ಮುಂಬಯಿಯೊಂದಿಗೆ ಸಂಬಂಧವುಳ್ಳ ಮಾಧವಿ ಸುಬ್ರಹ್ಮಣ್ಯನ್ ಅವರಂತಹ ಕಲಾವಿದರು ಅಲ್ಲಿ ಕಲಿತವರು. ಬೀಜ, ಕಾಯಿ, ಮರಗಳ ಆಕಾರಗಳಿಂದ ಹಿಡಿದು ನಗರದ ಕಟ್ಟಡಗಳ ಆಕಾರದವರೆಗೆ ಅವರ ಕೃತಿಗಳ ವ್ಯಾಪ್ತಿಯಿದೆ.

ಕುಲವೃತ್ತಿ ಮತ್ತು ಕಲೆಗಳ ನಡುವಿನ ಅಂತರವನ್ನು ತಮ್ಮ ಬಾಳಿನಲ್ಲಿಯೇ ದಾಟಿದವರು ಬ್ರಹ್ಮದೇವ ರಾಮ್ ಪಂಡಿತ್. ಬಿಹಾರದ ನವಾದಾ ಜಿಲ್ಲೆಯ ಕುಂಬಾರ ಮನೆತನದಲ್ಲಿ ಹುಟ್ಟಿದ ಅವರು ಮುಂಬಯಿಗೆ ಬಂದು, ಉತ್ತರದ ಉಪನಗರವಾದ ಭಾಯಂದರ್‌ನಲ್ಲಿ ಕಾರ್ಯಾಗಾರವನ್ನು ಕಟ್ಟಿದರು. ಖಾಡಿ ಮತ್ತು ಉಪ್ಪಿನಗದ್ದೆಗಳ ಊರದು. ಅವರಿಗೆ 2013ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಮನೆಯವರೆಲ್ಲರೂ ಒಂದೇ ಛಾವಣಿಯಡಿ ಮಣ್ಣಿನ ಕೆಲಸ ಮಾಡುವ ಈ ಕಾರ್ಯಾಗಾರದಲ್ಲಿ ಸಹಯೋಗ ಎಂಬುದು ಹೊಸದಾಗಿ ಕಲಿಯಬೇಕಾದ ತತ್ತ್ವವಾಗಿಲ್ಲ. ಕುಂಬಾರಿಕೆ ಎಂದೂ ಒಬ್ಬರ ಕೆಲಸವಾಗಿರಲಿಲ್ಲವಷ್ಟೆ.

ಕಳೆದ ಹತ್ತು ವರ್ಷಗಳಲ್ಲಿ ಈ ಕ್ಷೇತ್ರಕ್ಕೆ ಸಾರ್ವಜನಿಕ ಮನ್ನಣೆಯೂ ಬಂದಿದೆ. ಸ್ವಾತಂತ್ರ್ಯಾನಂತರದ ಕುಂಭಕಲೆಯನ್ನು ಕುರಿತ 'ಮ್ಯೂಟಬಲ್' ಎಂಬ ಪ್ರದರ್ಶನ 2017ರಲ್ಲಿ ಮುಂಬಯಿಯ ಪಿರಾಮಲ್ ಕಲಾಸಂಗ್ರಹಾಲಯದಲ್ಲಿ ನಡೆಯಿತು. ಮರುವರ್ಷ ಜೈಪುರದಲ್ಲಿ ನಡೆದ ಮೊದಲ ಭಾರತೀಯ ಸೆರಾಮಿಕ್ಸ್ ತ್ರೈವಾರ್ಷಿಕ ಪ್ರದರ್ಶನವನ್ನು ಕಲಾವಿದರೇ ಕೂಡಿ ಸಂಘಟಿಸಿದರು. ಇದಕ್ಕೂ ಮೊದಲು, 2016ರಲ್ಲಿ, ಹೋರ್ಹೆ ಮಾನ್ಯೆಸ್ ರೂಬಿಯೊ ಮತ್ತು ಅಮಾಂಡಾ ಪಿನಾಟಿಹ್ ಎಂಬವರು ಧಾರಾವಿಯಲ್ಲಿ ಚಿಕ್ಕ ಸಂಚಾರಿ ವಸ್ತುಸಂಗ್ರಹಾಲಯವೊಂದನ್ನು ರೂಪಿಸಿ, ಅಲ್ಲಿನ ಕುಶಲಕರ್ಮಿಗಳು ಮಾಡಿದ ವಸ್ತುಗಳನ್ನು ಅವರ ಬೀದಿಗಳಲ್ಲಿಯೇ ಪ್ರದರ್ಶಿಸಿದರು. ಕುಂಬಾರರ ಚಹಾ ಬಟ್ಟಲು ಮತ್ತು ನೀರಿನ ಪಾತ್ರೆಗಳಿಗೂ ಅದರಲ್ಲಿ ಸ್ಥಾನ ದೊರೆಯಿತು.

7. ಕನ್ನಡದ ನೆಲೆಯಿಂದ

ಈ ವಿಷಯಕ್ಕೂ ಕನ್ನಡ ಅಧ್ಯಯನಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧ ಹಲವು ಬಗೆಯದು.

ಮೊದಲನೆಯದು ಮುಂಬಯಿಯ ಮಾಡಿನ ಮೇಲಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿ ಮತ್ತು ಗುರುಪುರ ನದಿಗಳ ದಡದ ಜೇಡಿಯಿಂದಾದ ಹೆಂಚು ಕಡಲ ಮಾರ್ಗವಾಗಿ ಮುಂಬಯಿಯನ್ನು ಸೇರಿತು. ಮರಾಠಿಯಲ್ಲಿ ಇಂದಿಗೂ ಅದಕ್ಕೆ 'ಮಂಗಲೋರಿ ಕೌಲ' ಎಂದೇ ಹೆಸರು. ಉದ್ಯೋಗವನ್ನರಸಿ ತುಳುನಾಡಿನಿಂದ ಮುಂಬಯಿಗೆ ಹೋದ ಕನ್ನಡಿಗರು ತಮ್ಮ ನದಿಯ ಮಣ್ಣಿನ ಅಡಿಯಲ್ಲಿಯೇ ಬಾಳಿದ್ದುಂಟು.

ಎರಡನೆಯದು ಖಾನಾಪುರ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ಜಿಲ್ಲೆಯ ಖಾನಾಪುರ ಒಳ್ಳೆಯ ಜೇಡಿಗೂ ಹೆಂಚು, ಮಡಕೆಗಳಿಗೂ ಹೆಸರಾದ ಊರು. 1957ರಲ್ಲಿ ರಚಿತವಾಗಿ ಮುಂಬಯಿಯ ವಿಲೇಪಾರ್ಲೆಯಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ನೆಲೆಗೊಂಡದ್ದು ಇಲ್ಲಿಯೇ.

ಮೂರನೆಯದು ಭಾಷೆಗೆ ಸಂಬಂಧಿಸಿದ್ದು. ಹರಿಹರನು ಕುಂಬಾರ ಗುಂಡಯ್ಯನನ್ನು ಕುರಿತು ರಗಳೆಯನ್ನೇ ರಚಿಸಿದ್ದಾನೆ. ಮಡಕೆ ಬಡಿಯುವ ಕಾಯಕದ ಸದ್ದಿಗೆ ಶಿವನೇ ಕುಣಿದ ಕಥೆಯದು. ಕುಂಬಾರನನ್ನು ಹೆಸರಿಟ್ಟು ಸ್ಮರಿಸಿದ ಸಾಹಿತ್ಯಪರಂಪರೆ ನಮಗಿದೆ ಎಂಬುದು ಸಣ್ಣ ಸಂಗತಿಯಲ್ಲ. ಜೇಡಿ, ಕೆಮ್ಮಣ್ಣು, ಕಾವಿ, ಎರೆ, ತಿಗರಿ, ಆವಿಗೆ, ಹದ, ಗಡಿಗೆ, ಕುಡಿಕೆ, ಬೋಗುಣಿ, ಓಡು, ಬೋಕಿ ಮೊದಲಾದ ಪದಗಳಲ್ಲಿ ಮಣ್ಣಿನ ಗುಣವನ್ನೂ ಅದರ ಅವಸ್ಥೆಯನ್ನೂ ಗುರುತಿಸುವ ಸೂಕ್ಷ್ಮ ತಿಳಿವಳಿಕೆ ಅಡಗಿದೆ. ಪ್ರಯೋಗಾಲಯದಲ್ಲಿ ಅಳೆಯಬೇಕಾದುದನ್ನು 'ಹದ' ಎಂಬ ಒಂದೇ ಮಾತಿನಿಂದ ಕುಂಬಾರನು ಮುಂದಿನ ತಲೆಮಾರಿಗೆ ದಾಟಿಸುತ್ತಿದ್ದನು. ಕುಂಭಾರವಾಡಾದ ಗುಜರಾತಿಯಲ್ಲಿಯೂ ಇಂತಹ ಪದಸಂಪತ್ತು ಇರಲೇಬೇಕು. ವೃತ್ತಿ ನಿಂತಾಗ ಪದ ನಿಘಂಟಿನಲ್ಲಿ ಉಳಿಯಬಹುದು. ಆದರೆ ಅದರ ಅರ್ಥವನ್ನು ಕೈಯಿಂದ ತೋರಿಸಬಲ್ಲವರು ಉಳಿಯುವುದಿಲ್ಲ.

8. ಕೆಲವು ಪ್ರಶ್ನೆಗಳು

ಮೇಲಿನ ವಿವೇಚನೆಯಿಂದ ಮೂರು ಪ್ರಶ್ನೆಗಳು ಏಳುತ್ತವೆ. ಮೊದಲನೆಯದಾಗಿ, ಎಲ್ಲಿಂದ ಆಯಬೇಕು? ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಕಲ್ಲುಮಣ್ಣನ್ನು ತರುವಂತಿಲ್ಲ. ಮುಂಬಯಿ ಉಚ್ಚ ನ್ಯಾಯಾಲಯವು 2005ರ ಆದೇಶ ಮತ್ತು 2018ರ ತೀರ್ಪುಗಳ ಮೂಲಕ ಕಾಂಡ್ಲಾ ಕಾಡುಗಳಿಗೆ ರಕ್ಷಣೆಯನ್ನು ಒದಗಿಸಿದೆ. ಆ ಕೆಸರಿಗೆ ಕೈಹಾಕುವುದು ಸರಿಯಲ್ಲ. ನೆಲದ ಮೇಲಿನ ಪ್ರೀತಿಯಿಂದ ಹುಟ್ಟಿದ ಕಲೆ ಆ ನೆಲಕ್ಕೆ ಗಾಯಮಾಡಬಾರದು. ಆದರೆ ಮುಂಬಯಿಯಲ್ಲಿ ಅಗೆತ ನಿಲ್ಲುವುದೇ ಇಲ್ಲ. ಕಟ್ಟಡಗಳ ಅಡಿಪಾಯದಿಂದ ಬಸಾಲ್ಟ್ ಮತ್ತು ಬ್ರೆಶಿಯಾ ದಿನವೂ ಮೇಲೆ ಬರುತ್ತವೆ. 2025ರಲ್ಲಿ ಪೂರ್ತಿಯಾಗಿ ತೆರೆದ, ಕೊಲಾಬಾದಿಂದ ಸೀಪ್ಝ್‌ವರೆಗಿನ ನೆಲದಡಿಯ ಮೆಟ್ರೋ ಮಾರ್ಗಕ್ಕಾಗಿ ಕೊರೆದದ್ದು ಇದೇ ಶಿಲಾಪದರಗಳನ್ನು. ಹೀಗೆ ಹೊರಬಿದ್ದ ಕಲ್ಲಿನ ಒಂದು ಬುಟ್ಟಿ ಕಲಾವಿದನಿಗೆ ವರ್ಷಕ್ಕೆ ಸಾಕಾದೀತು.

ಎರಡನೆಯದಾಗಿ, ಕೃತಿ ಯಾರದು? ಮಣ್ಣನ್ನು ಒಬ್ಬರು ಹದಮಾಡಿ, ಮತ್ತೊಬ್ಬರು ತಿಗರಿಯಲ್ಲಿ ಎತ್ತಿ, ಮೂರನೆಯವರು ಕಲ್ಲಿನ ಮೆರುಗನ್ನು ಕೊಟ್ಟಾಗ, ಪ್ರದರ್ಶನದ ಫಲಕದಲ್ಲಿ ಒಂದೇ ಹೆಸರಿದ್ದರೆ ಅದು 1870ರ ದಶಕದ ಪದ್ಧತಿಯ ಮುಂದುವರಿಕೆಯೇ ಆಗುತ್ತದೆ. ದ್ರವ್ಯ ಎಲ್ಲಿಯದು ಎಂಬುದನ್ನು ಇಂದಿನ ಕಲಾವಿದರು ಕಾಳಜಿಯಿಂದ ನಮೂದಿಸುತ್ತಾರೆ. ಕಲ್ಲು ಬಂದ ಊರಿನ ಹೆಸರಿಗೆ ದೊರೆಯುವ ಗೌರವ ಕೈಯ ಒಡೆಯನ ಹೆಸರಿಗೂ ದೊರೆಯಬೇಕು.

ಮೂರನೆಯದಾಗಿ, ಆವಿಗೆ ಎಲ್ಲಿ ಉಳಿಯಬೇಕು? 2022ರ ಟೆಂಡರಿನ ತರುವಾಯ ಧಾರಾವಿಯ ಪುನರಭಿವೃದ್ಧಿ ಯೋಜನೆ ಮುಂದುವರಿದಿದೆ. ಮಾಳಿಗೆಯ ಮನೆಯಲ್ಲಿ ಕುಟುಂಬಕ್ಕೆ ಜಾಗ ದೊರೆಯಬಹುದು. ಮಣ್ಣು ತುಳಿಯುವ ಅಂಗಳ, ಪಾತ್ರೆ ಒಣಗುವ ಬಿಸಿಲು, ಹತ್ತು ಮನೆಯವರು ಸರದಿಯಲ್ಲಿ ಹೊತ್ತಿಸುವ ಭಟ್ಟಿ ಇವುಗಳಿಗೆ ಜಾಗವೆಲ್ಲಿ ಎಂಬುದು ಅಲ್ಲಿನ ಕುಂಬಾರರ ಆತಂಕ. ಹೊಗೆಯಿಲ್ಲದ ಗ್ಯಾಸಿನ ಆವಿಗೆಗಳನ್ನು ಸಾಮೂಹಿಕವಾಗಿ ಒದಗಿಸುವುದು ಅಸಾಧ್ಯವಾದ ಮಾತಲ್ಲ. ಆದರೆ ಅವು ನಿಲ್ಲಲು ನೆಲಮಟ್ಟದಲ್ಲಿ ಜಾಗ ಬೇಕು, ಮತ್ತು ಆ ಜಾಗ ಮನೆಯ ಹತ್ತಿರವಿರಬೇಕು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ನಮ್ಮ ಗಾದೆ ಮಡಕೆಗೆ ಮಾತ್ರವಲ್ಲ, ಕುಂಬಾರರ ಕೇರಿಗೂ ಅನ್ವಯಿಸುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಮುಂಬಯಿಯ ಕುಂಭಕಲೆಯಲ್ಲಿ ಮೈಮಣ್ಣು ಹೊರಗಿನದು, ಕೈ ವಲಸೆ ಬಂದವರದು, ಮೆರುಗು ಅಲ್ಲಿನ ಶಿಲೆಯದಾಗಬಲ್ಲದು. ಇವು ಕೂಡಿದಾಗ ಆದ ಪಾತ್ರೆ ಆ ನಗರವನ್ನು ಅದರ ಯಾವ ಚಿತ್ರಕ್ಕಿಂತಲೂ ಚೆನ್ನಾಗಿ ಪ್ರತಿನಿಧಿಸುತ್ತದೆ. ಗಿಲ್ಬರ್ಟ್ ಹಿಲ್‌ನ ಶಿಲೆಯನ್ನು ಓದಬಲ್ಲ ಕಲಾವಿದರು ಕುಂಭಾರವಾಡಾದ ಅಂಗಳವನ್ನೂ ಆ ಭೂದೃಶ್ಯದ ಭಾಗವೆಂದು ಕಾಣಬೇಕು. ನಮ್ಮಂತಹ ಭಾಷಾ ಅಭ್ಯಾಸಿಗಳ ಪಾಲಿಗೆ ಉಳಿದ ಕೆಲಸವೂ ಇದೆ. ಖಾನಾಪುರದ, ಕರಾವಳಿಯ, ಮುಂಬಯಿಯ ಕುಂಬಾರರ ಬಾಯಿಂದ ಅವರ ವೃತ್ತಿಪದಗಳನ್ನು, ಅವರು ತಿಗರಿಯ ಮುಂದೆ ಕುಳಿತಿರುವಾಗಲೇ, ಹೇಳಿದವರ ಹೆಸರಿನೊಂದಿಗೆ ಬರೆದುಕೊಳ್ಳಬೇಕು. ಆವಿಗೆ ಆರಿದ ಮೇಲೆ ಕೈಗೊಂಡ ಸಂಗ್ರಹಕ್ಕೆ ಸಿಗುವುದು ಪದ ಮಾತ್ರ.